ಸಿಕ್ತು ಅನ್ನುವವರೆಗೆ

ನನ್ನ ಕಣ್ಣುಗಳು ಚೆನ್ನಾಗಿವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹುನಗುಂದದಲ್ಲಿ ನಮ್ಮ ಐದು ಮನೆಗಳವರಿಗೆಲ್ಲ ನನಗೆ ಕಣ್ಣು ಕಾಣುವುದಿಲ್ಲ ಎಂದು ನಾನೇ ಸುಳ್ಳು ಹೇಳಿದ್ದೆ.

ಐದು ಮನೆ ಎಂದರೆ ಪ್ರತಿ ಬುಧವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಸತ್ಯವೇದ, ಅಂದರೆ ಬೈಬಲ್, ಓದಲು ಕೂಡುವವರು. ಓದುವವನು ನಾನು. ಮರೋಳದ ಪಂಪ್‌ಹೌಸಿನಲ್ಲಿ ಮೋಟಾರುಗಳ ಸದ್ದನ್ನು ಮೀರಿ ಕೂಗಿ ಕೂಗಿ ಪಳಗಿದ ದನಿ ನನ್ನದು. ಆ ದನಿಯಿಂದಲೇ ಓದುವ ಕೆಲಸ ನನ್ನ ಪಾಲಿಗೆ ಬಂತು. ಬರಬರುತ್ತ ಜನ ಆ ದನಿಯನ್ನೇ ವಿದ್ವತ್ತು ಎಂದುಕೊಂಡರು. ನಾನೂ ಬೇಡ ಅನ್ನಲಿಲ್ಲ.

ನಿಜ ಹೇಳಬೇಕೆಂದರೆ, ಇಷ್ಟು ವರ್ಷ ಓದಿದರೂ ಸತ್ಯವೇದದೊಳಗೆ ಯಾವ ಪುಸ್ತಕದ ಹಿಂದೆ ಯಾವ ಪುಸ್ತಕ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅದು ನನ್ನ ಹೆಂಡತಿಗೆ ಗೊತ್ತಿತ್ತು. ಬಾದಾಮಿಯ ಅವಳ ತವರಿನಲ್ಲಿ ಊಟಕ್ಕೆ ಮುಂಚೆ ಮಕ್ಕಳು ಅರವತ್ತಾರೂ ಪುಸ್ತಕಗಳ ಹೆಸರನ್ನು ಉಸಿರು ಬಿಡದೆ ಒಪ್ಪಿಸಬೇಕಿತ್ತಂತೆ. ತಪ್ಪಿದರೆ ಮೊದಲಿನಿಂದ. ಹಸಿದ ಹೊಟ್ಟೆಯಲ್ಲಿ ಕಲಿತದ್ದನ್ನು ಅವಳು ಕೊನೆಯವರೆಗೂ ಮರೆಯಲಿಲ್ಲ.

ಬುಧವಾರ ಅವಳು, ಕೂಟದವರ ಬಾಯಲ್ಲಿ ಅಕ್ಕಾ, ನನ್ನ ಎಡಕ್ಕೆ ಕೂರುತ್ತಿದ್ದಳು. ಪುಸ್ತಕದ ಹೆಸರು, ಅಧ್ಯಾಯ, ವಚನದ ಸಂಖ್ಯೆಯನ್ನು ನಾನು ಗತ್ತಿನಿಂದ ಹೇಳಿ, ಕನ್ನಡಕ ಒರೆಸಿಕೊಳ್ಳುವ ನೆವ ಮಾಡುತ್ತಿದ್ದೆ. ಅಷ್ಟರಲ್ಲಿ ಅವಳು ತನ್ನ ಪುಸ್ತಕದಲ್ಲಿ ಆ ಪುಟ ತೆಗೆದು, ವಚನದ ಮೇಲೆ ಬೆರಳಿಟ್ಟು ‘ಸಿಕ್ತ್ರಿ’ ಎನ್ನುತ್ತ ನನ್ನ ಮಡಿಲಿಗೆ ಸರಿಸಿ, ನನ್ನ ಪುಸ್ತಕವನ್ನು ತಾನು ಎತ್ತಿಕೊಳ್ಳುತ್ತಿದ್ದಳು. ಮುಂದಿನ ವಚನಕ್ಕೆ ಮತ್ತೆ ಅದಲು ಬದಲು. ಅವಳು ‘ಸಿಕ್ತ್ರಿ’ ಅನ್ನುವವರೆಗೆ ನಾನು ಬಾಯಿ ತೆರೆಯುತ್ತಿರಲಿಲ್ಲ, ತೆರೆಯುವುದಾದರೂ ಹೇಗೆ? ನೋಡುನೋಡುತ್ತ ಅದೇ ನಮ್ಮ ಕೂಟದ ಪದ್ಧತಿಯಾಯಿತು. ಗಂಡ ಹೆಂಡತಿ ಎಷ್ಟು ಅನ್ಯೋನ್ಯ ಎಂದು ಹೊಸಬರು ಮೆಚ್ಚುತ್ತಿದ್ದರು. ನನ್ನ ಹುಳುಕು ಅವಳೊಬ್ಬಳಿಗೇ ಗೊತ್ತು ಎಂದು ನಾನು ನೆಮ್ಮದಿಯಾಗಿದ್ದೆ.

ಅವಳು ತೀರಿಕೊಂಡ ಮೇಲಿನ ಮೊದಲ ಮೂರು ಬುಧವಾರ ಕೀರ್ತನೆಗಳ ಮೇಲೆ ಬದುಕಿದೆ. ಸತ್ಯವೇದವನ್ನು ಸರಿಯಾಗಿ ನಡುವೆ ತೆರೆದರೆ ಕೀರ್ತನೆಗಳ ಪುಸ್ತಕವೇ ಸಿಗುತ್ತದೆ. ನಾಲ್ಕನೆಯ ವಾರ ಇಳಕಲ್ಲಿನಿಂದ ಬಸ್ಸಿನಲ್ಲಿ ಬರುವ ಸಿಸ್ಟರ್, ಅಂದರೆ ನಿವೃತ್ತ ನರ್ಸಮ್ಮ, ಒಬ್ಬ ಸಣ್ಣ ಪ್ರವಾದಿಯ ಪುಸ್ತಕವನ್ನು ಓದೋಣ ಎಂದರು. ಇಡೀ ಸತ್ಯವೇದದ ನಡುವೆ ಮೂರೇ ಹಾಳೆಯದು ಅದು. ಹುಡುಕಿದೆ. ಮುಂದಕ್ಕೆ ಹೋದೆ, ಹಿಂದಕ್ಕೆ ಬಂದೆ, ಬೆವರಿದೆ. ಎಡಗಡೆಯ ಜಾಗ ಖಾಲಿ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಪುಸ್ತಕ ಮುಚ್ಚಿ, “ಕಣ್ಣ ಕಾಣವಲ್ವು” ಎಂದೆ.

ಸುಳ್ಳು ಹೇಳುವಾಗ ಎದುರಿಗೆ ನರ್ಸಮ್ಮ ಇದ್ದಾರೆ ಎಂಬ ಎಚ್ಚರ ಬೇಕಿತ್ತು. ಮರುದಿನವೇ ಅವರು ಫೋನ್ ಮಾಡಿದರು. “ಅಣ್ಣಾರ, ಬಾಗಲಕೋಟಿ ಕಣ್ಣಿನ ದವಾಖಾನ್ಯಾಗ ಹೆಸರ ಬರಿಸೇನಿ. ಸೋಮವಾರ ಹೋಗಿ ತೋರಿಸ್ಕೊಂಡ ಬರ್ರಿ.” ಹೋಗದೆ ಗತಿ ಇರಲಿಲ್ಲ. ಡಾಕ್ಟರು ಬೆಳಕು ಬಿಟ್ಟು, ಹನಿ ಹಾಕಿ, ಅಕ್ಷರ ಓದಿಸಿ, “ಏನೂ ಆಗಿಲ್ರಿ, ಇದs ಚಾಳೀಸು ಸಾಕು” ಎಂದರು. ಜನ ಇಂಥ ಮಾತು ಕೇಳಿ ದೇವರಿಗೆ ಸ್ತೋತ್ರ ಹೇಳುತ್ತಾರೆ. ನಾನು ಮಾತ್ರ ಕನ್ನಡಕ ಒರೆಸುತ್ತ ಕೂತೆ. ಇನ್ನು ಮುಂದೆ ಯಾವ ನೆವ ಹೇಳಲಿ?

ನಾನು ಓದಲಾರೆ ಎಂದರೆ ಬುಧವಾರ ನಿಲ್ಲುತ್ತದೆ. ಬುಧವಾರ ನಿಂತರೆ ನಮ್ಮ ಮನೆಗೆ ಬರುವವರು ಹಾಲಿನವನು ಮತ್ತು ಕರೆಂಟಿನ ಮೀಟರ್ ನೋಡುವವನು, ಇಬ್ಬರೇ. ಅವರೂ ಒಳಗೆ ಬಂದು ಕೂರುವುದಿಲ್ಲ. ಆ ದಿನಗಳಲ್ಲಿ ಎರಡೆರಡು ದಿನ ನನ್ನ ದೊಡ್ಡ ದನಿ ನನಗೇ ಕೇಳಿಸುತ್ತಿರಲಿಲ್ಲ. ನನಗೆ ಹೆದರಿಕೆಯಾಗಿತ್ತು, ಮುಚ್ಚುಮರೆ ಯಾಕೆ.

ದವಾಖಾನೆಯಿಂದ ನೆಟ್ಟಗೆ ನವನಗರದ ಒಂದು ಮೊಬೈಲ್ ಅಂಗಡಿಗೆ ನಡೆದೆ. ಟ್ಯಾಬ್ಲೆಟ್ಟಿನಲ್ಲಿ ಸತ್ಯವೇದದ ತಂತ್ರಾಂಶ ಹಾಕಿಕೊಂಡರೆ ಹೆಸರು ಒತ್ತಿದ ಕೂಡಲೇ ವಚನ ಬರುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಅಂಗಡಿಯವರು ನನಗಿಂತ ಸ್ವಲ್ಪ ಚಿಕ್ಕವರು, ಗಡ್ಡ ನರೆತ ಸಾಬರು.

“ಯಾವ ಕೆಲಸಕ್ಕ ಬೇಕ್ರಿ? ಮೊಮ್ಮಕ್ಕಳು ಆಟ ಆಡಾಕೇನ್ರಿ?”

“ಮೊಮ್ಮಕ್ಕಳಿಲ್ಲ. ಸತ್ಯವೇದ ಓದಾಕ. ಭಾಳ ತುಟ್ಟಿದು ಬ್ಯಾಡ” ಎಂದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ.

ಅವರು ನಗಲಿಲ್ಲ. “ನಮ್ಮ ಅಬ್ಬಾನೂ ಟ್ಯಾಬಿನ್ಯಾಗs ಕುರಾನ್ ಓದ್ತಾರ್ರಿ. ಹಂಗಾರ ನಿಮಗ ಸ್ಪೀಡ್ ಬ್ಯಾಡ, ಕ್ಯಾಮೆರಾ ಬ್ಯಾಡ. ಅಕ್ಷರ ದೊಡ್ಡು ಕಾಣಬೇಕು, ಬ್ಯಾಟರಿ ನಿಲ್ಲಬೇಕು. ಅಷ್ಟ ಹೌದಿಲ್ರಿ?”

ಮೊದಲು ಅಂಗೈಯಗಲದ್ದೊಂದನ್ನು ತೆಗೆದರು. ಅಗ್ಗದ್ದು. ಆದರೆ ಹಳೆಯ ತರ್ಜುಮೆ, ಹೊಸ ತರ್ಜುಮೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದೊಂದು ಸಾಲಿಗೆ ಎರಡೇ ಪದ ಹಿಡಿಯುತ್ತಿತ್ತು. ಆಮೇಲೆ ಹತ್ತು ಇಂಚಿನದು, ಹೋದ ವರ್ಷದ ಮಾಡೆಲ್. ಸಿಮ್ ಹಾಕುವಂಥದಕ್ಕೆ ಸುಮ್ಮನೆ ಹೆಚ್ಚು ಕೊಡಬೇಡಿ, ಪುಸ್ತಕವನ್ನೆಲ್ಲ ಒಮ್ಮೆ ಇಳಿಸಿಕೊಂಡರೆ ನೆಟ್ಟಿಲ್ಲದೆಯೂ ಓದಬಹುದು ಎಂದು ಅವರೇ ತಿಳಿಸಿದರು. ಅಲ್ಲಿಯೇ ಅಂಗಡಿಯ ವೈಫೈಯಿಂದ ಇಳಿಸಿಯೂ ಕೊಟ್ಟರು.

“ಒಂದ ಹೆಸರ ಹೇಳ್ರಿ, ನೋಡೂಣು.”

ನನ್ನ ಮಾನ ಕಳೆದ ಆ ಪ್ರವಾದಿಯ ಹೆಸರು ಹೇಳಿದೆ. ಅವರು ಬೆರಳು ಮುಟ್ಟಿಸಿದರು, ಪುಟ ಬಂತು. ಅಷ್ಟೇ. ಹಾಳೆಯ ಸದ್ದಿಲ್ಲ, ಎಂಜಲು ಹಚ್ಚಿದ ಬೆರಳಿಲ್ಲ. ಇಷ್ಟು ವರ್ಷ ಅವಳು ನನಗಾಗಿ ಮಾಡಿದ ಕೆಲಸ ಇಷ್ಟೇನಾ ಎಂದು ಆ ಯಂತ್ರ ಕೇಳಿದಂತಾಯಿತು. ಸಿಟ್ಟು ಬಂತು. ಆ ಸಿಟ್ಟನ್ನು ಪಾಪ, ಅಂಗಡಿಯವರ ಮೇಲೆ ತೀರಿಸಿದೆ. ಕವರು ಚೆನ್ನಾಗಿಲ್ಲ ಎಂದೆ, ಗಾಜಿಗೆ ಅಂಟಿಸಿದ ಹಾಳೆಯಲ್ಲಿ ಗುಳ್ಳೆ ಇದೆ ಎಂದೆ. ಅವರು ಹಾಳೆ ಬದಲಿಸಿ, ಕುಡಿಯಲು ನೀರು ಕೊಟ್ಟರು. ನನ್ನ ಕಣ್ಣು ಒದ್ದೆಯಾಗಿತ್ತು. ದವಾಖಾನೆಯಲ್ಲಿ ಹಾಕಿದ ಹನಿ ಎಂದು ಇನ್ನೊಂದು ಸುಳ್ಳು ಹೇಳಿದೆ.

ಬುಧವಾರ ಬಂತು. ಎಲ್ಲರೂ ಟ್ಯಾಬ್ಲೆಟ್ಟನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಕಣ್ಣಿಗೆ ಇದೇ ಒಳ್ಳೆಯದು ಎಂದು ನಾನು ದೊಡ್ಡದಾಗಿ ವಿವರಿಸಿದೆ. ಅದೇ ಪ್ರವಾದಿಯ ಹೆಸರು ಹೇಳಿದೆ, ಒತ್ತಿದೆ, ಬಂತು. ಬಂದದ್ದೇ ತಡ ಓದಲು ಶುರು ಮಾಡಿದೆ. ಆ ಸಂಜೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಮುಂದಿನ ವಚನ, ಅದರ ಮುಂದಿನದು. ಓದಿ ತಲೆಯೆತ್ತಿದರೆ ಯಾರೂ ನನ್ನ ಕಡೆ ನೋಡುತ್ತಿಲ್ಲ. ಎಲ್ಲರೂ ತಲೆ ತಗ್ಗಿಸಿ ಇನ್ನೂ ಮೊದಲನೆಯದನ್ನೇ ಹುಡುಕುತ್ತಿದ್ದಾರೆ. ಬಾಗಿಲ ಬಳಿ ಕೂರುವ ಮುದುಕಿಯೊಬ್ಬಳು ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡುಬಿಟ್ಟಿದ್ದಳು. ವಯಸ್ಸಾದ ಮೇಲೆ ಅಕ್ಷರ ಕಲಿತವಳು ಅವಳು.

ಸಿಸ್ಟರ್ ಮೆತ್ತಗೆ ಹೇಳಿದರು. “ಅಣ್ಣಾರ, ಸಿಕ್ತು ಅನ್ನೂದರೊಳಗ ಓದಿಬಿಟ್ರಲ್ಲಾ.”

“ನನಗ ಸಿಕ್ಕಿತ್ತಲ್ಲ” ಎಂದೆ.

“ಅಕ್ಕಾಗೂ ಯಾವಾಗ್ಲೂ ಮೊದಲs ಸಿಗತಿತ್ತು. ಸಿಕ್ಕರೂ ಸುಮ್ಮ ಹಾಳಿ ತಿರುವಿಕೋತ ಕುಂದರತಿದ್ಲು. ಬಾಗಲ ಹತ್ರದ ಈ ಆಯಿಗೆ ಸಿಗೂತನಕ ಅಕಿ ಸಿಕ್ತು ಅಂತಿದ್ದಿಲ್ಲ. ನಾ ಬಾಜೂಕ ಕುಂತು ನೋಡೇನಿ.” ಅವರೇ ಮತ್ತೆ ಹೇಳಿದರು. “ನಿಮಗ ಹುಡುಕಾಕ ಬರೂದಿಲ್ಲಂತ ನಮಗೆಲ್ಲಾ ಗೊತ್ತ ಐತ್ರಿ. ಅಷ್ಟಕ್ಕs ಯಾರೂ ಬರೂದ ಬಿಡೂದಿಲ್ಲ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ, ಹಳೆಯ ಚಾಳಿ. ಅವಳು ನನಗಾಗಿ ಹುಡುಕುತ್ತಿದ್ದಾಳೆ ಎಂದುಕೊಂಡು ಇಷ್ಟು ವರ್ಷ ಅವಳ ಪಕ್ಕದಲ್ಲಿ ಕೂತಿದ್ದೆ. ಅವಳ ಕಣ್ಣು ಬಾಗಿಲ ಬಳಿ ಇತ್ತೆಂಬುದನ್ನು ಒಮ್ಮೆಯೂ ನೋಡಿರಲಿಲ್ಲ. ಕೇಳೋಣವೆಂದರೆ ಅವಳಿಲ್ಲ.

ಮುದುಕಿ ಮತ್ತೆ ಪುಸ್ತಕ ತೆರೆದಳು. ನಾವೆಲ್ಲ ಕಾದೆವು. ತುಂಬ ಹೊತ್ತಿನ ಮೇಲೆ ಬಾಗಿಲ ಕಡೆಯಿಂದ “ಸಿಕ್ತ್ರಿ” ಎಂಬ ದನಿ ಬಂತು. ನಾನು ಮೊದಲಿನಿಂದ ಓದಿದೆ.

ಬುಧವಾರ ಈಗಲೂ ನಡೆಯುತ್ತದೆ. ಉಳಿದ ಆರು ದಿನ ಟ್ಯಾಬ್ಲೆಟ್ಟನ್ನು ಮುಂದಿಟ್ಟುಕೊಂಡು ಒಬ್ಬನೇ ಓದುತ್ತೇನೆ. ಹೆಸರು ಒತ್ತುತ್ತೇನೆ, ಪುಟ ತಟ್ಟನೆ ಬರುತ್ತದೆ. ಬಂದರೂ ಒಡನೆ ಓದುವುದಿಲ್ಲ. ನನ್ನ ಹೆಂಡತಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ಸುಮ್ಮನೆ ಕಾಯುತ್ತೇನೆ. ಯಾರೂ ‘ಸಿಕ್ತ್ರಿ’ ಅನ್ನುವುದಿಲ್ಲ. ಆಮೇಲೆ ಓದುತ್ತೇನೆ.