ನನ್ನ ಅಕ್ಕನ ಮಗ ಹುತಾತ್ಮನಲ್ಲ

ನನ್ನ ಅಕ್ಕನ ಮಗ ವಾಯುಪಡೆಯಲ್ಲಿ ಪೈಲಟ್ ಆಗಿದ್ದ. ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ಜನ ಎರಡನೆಯದನ್ನು ಕೇಳಿಸಿಕೊಳ್ಳುವುದಿಲ್ಲ. ಅದು ನನಗೆ ತಿಳಿದದ್ದು ಅವನ ತಿಥಿ ಕಳೆದ ಮರುದಿನ.

ಅವತ್ತು ಕೆ.ಆರ್. ಪುರದಿಂದ ಮೆಟ್ರೋ ಹತ್ತಿ, ಹಲಸೂರಿನಲ್ಲಿ ಇಳಿದು ಅಕ್ಕನ ಬೀದಿಗೆ ತಿರುಗಿದೆ. ಮನೆಯೆದುರಿನ ಲೈಟು ಕಂಬಕ್ಕೂ ಹೊಂಗೆ ಮರಕ್ಕೂ ನಡುವೆ ಮಹಡಿಯೆತ್ತರದ ಫ್ಲೆಕ್ಸ್ ಕಟ್ಟಿತ್ತು. ‘ಗಡಿಯಲ್ಲಿ ಪ್ರಾಣ ತೆತ್ತ ವೀರಯೋಧನಿಗೆ ಅಶ್ರುತರ್ಪಣ.’ ನಡುವೆ ಅವನ ಮುಖ. ಹಿಂದೆ ಬೆಂಕಿ ಉಗುಳುತ್ತಿದ್ದ ಮೂರು ಯುದ್ಧವಿಮಾನಗಳು, ಹಿಮದ ಬೆಟ್ಟ, ಯಾಕೋ ಒಂದು ಟ್ಯಾಂಕು ಕೂಡ. ಕೆಳಗೆ ಬೀದಿಯ ಮುಖಂಡ ಕೈಮುಗಿದು ನಿಂತಿದ್ದ. ಅವನ ಮುಖ ನಮ್ಮ ಹುಡುಗನ ಮುಖಕ್ಕಿಂತ ಸ್ವಲ್ಪ ದೊಡ್ಡದಿತ್ತು. ಅವನ ಬೆಂಬಲಿಗರು ಎರಡು ಸಾಲು. ಅದರಲ್ಲೊಬ್ಬ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಗುತ್ತಿದ್ದ.

ನಮ್ಮ ಹುಡುಗ ಹಾರಿಸುತ್ತಿದ್ದದ್ದು ಸರಕು ವಿಮಾನ. “ಮಾವ, ನಂದು ಲಾರಿ. ರೆಕ್ಕೆ ಇದೆ ಅಷ್ಟೆ” ಅನ್ನುತ್ತಿದ್ದ. ಬೆಟ್ಟದ ಮೇಲಿನ ಠಾಣ್ಯಗಳಿಗೆ ಈರುಳ್ಳಿ, ಸೀಮೆಎಣ್ಣೆ ಸಾಗಿಸುತ್ತಿದ್ದ. ಒಮ್ಮೆ ಜೀವಂತ ಕುರಿಗಳನ್ನೂ ಒಯ್ದಿದ್ದನಂತೆ. ಒಳಗೆ ಬೆಚ್ಚಗಿದ್ದದ್ದರಿಂದ ಅವು ಇಳಿಯಲು ಒಪ್ಪಲಿಲ್ಲವಂತೆ.

ಅಕ್ಕ ಗೇಟಿನೊಳಗೆ ನಿಂತು ಫ್ಲೆಕ್ಸನ್ನೇ ನೋಡುತ್ತಿದ್ದಳು.

“ಗಡೀಲಿ ಸತ್ತಿದ್ರೆ, ಆಸ್ಪತ್ರೇಲಿ ನಾನು ಯಾರ ಪಕ್ಕ ಕೂತಿದ್ನೋ?” ಎಂದು ನನ್ನನ್ನು ಕೇಳಿದಳು.

ಮಳೆಗಾಲದಿಂದ ಸಂಕ್ರಾಂತಿಯವರೆಗೆ ಅವಳು ಅಲ್ಲಿ, ಆರನೇ ಮಹಡಿಯ ವಾರ್ಡಿನಲ್ಲಿ ಕೂತಿದ್ದಳು. ಅವನ ಬಾಯೆಲ್ಲ ಹುಣ್ಣಾಗಿತ್ತು. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಆರಿಸಿ, ಅರ್ಧ ಚಮಚ ಕೊಡುತ್ತಿದ್ದಳು. ಅದು ಗಂಟಲಿಳಿದರೆ ಅವನು ಕಣ್ಣು ಮುಚ್ಚಿಕೊಂಡೇ “ಲ್ಯಾಂಡಿಂಗ್ ಓಕೆ” ಅನ್ನುತ್ತಿದ್ದ. ವಾಂತಿಯಾದರೆ “ರನ್‌ವೇ ಖಾಲಿ ಇಲ್ಲಮ್ಮ” ಅನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು. ನಾನು ನೋಡಿದ್ದೇನೆ.

ಈಗ ಮನೆಗೆ ಬಂದವರೆಲ್ಲ ಗುಂಡಿನ ವಿಷಯ ಕೇಳುತ್ತಿದ್ದರು. ಹಿಂದಿನ ರಸ್ತೆಯ ನಿವೃತ್ತ ಅಧಿಕಾರಿಯೊಬ್ಬರು ಕಾಫಿ ಲೋಟ ಕೆಳಗಿಟ್ಟು, “ಯಾವ ಸೆಕ್ಟರಮ್ಮ?” ಎಂದರು.

“ಆರನೇ ಮಹಡಿ” ಎಂದಳು ಅಕ್ಕ.

ಅವರು ಗಂಭೀರವಾಗಿ ತಲೆಯಾಡಿಸಿದರು. “ತುಂಬ ಕಷ್ಟದ ಜಾಗ.”

ಸಂಜೆ ಮುಖಂಡನೇ ಬಂದ. ಅಕ್ಕನ ಕಾಲಿಗೆ ನಮಸ್ಕಾರ ಮಾಡಿ, “ನೀವು ವೀರಮಾತೆ” ಎಂದ.

“ಅವನಿಗೆ ಕ್ಯಾನ್ಸರ್ ಆಗಿತ್ತಪ್ಪ. ಅದನ್ನ ಬರೆಸು.”

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ಬಿಡಿ ಅಮ್ಮ. ಅದನ್ನೆಲ್ಲ ಯಾಕೆ ಹೊರಗಡೆ ಹೇಳ್ಕೊಳ್ತೀರಾ.”

ಕಳಿಸಿಕೊಡಲು ಗೇಟಿನವರೆಗೆ ಹೋದಾಗ ಅವನು ನನಗೆ ವಿವರಿಸಿದ. “ಸರ್, ನನ್ನ ಬರ್ತ್‌ಡೇ ಫ್ಲೆಕ್ಸ್ ಕಟ್ಟಿದ್ರೆ ಕಾರ್ಪೊರೇಷನ್ ಲಾರಿ ಬಂದು ಒಂದೇ ದಿನಕ್ಕೆ ಕಿತ್ತಾಕುತ್ತೆ. ಹುತಾತ್ಮರದ್ದು ಮಾತ್ರ ಮುಟ್ಟಲ್ಲ. ಕಾಯಿಲೆ ಅಂತ ಹಾಕಿದ್ರೆ ನಿಲ್ಲಲ್ಲ ಸರ್.” ಅವನ ಮಾತಿನಲ್ಲಿ ನಾಚಿಕೆ ಇರಲಿಲ್ಲ, ಕಪಟವೂ ಇರಲಿಲ್ಲ. ಮೋರಿ ಯಾಕೆ ಕಟ್ಟಿಕೊಂಡಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದ.

ಆದರೂ ಅಕ್ಕನ ಮಾತಿಗೆ ಬೆಲೆ ಕೊಟ್ಟು ಅದೇ ವಾರ ಹೊಸ ಫ್ಲೆಕ್ಸ್ ಕಟ್ಟಿಸಿದ. ‘ಮಹಾಮಾರಿಯ ಮೇಲೆ ಸಮರ ಸಾರಿ ವೀರಸ್ವರ್ಗ ಸೇರಿದ ಯೋಧ.’ ವಿಮಾನಗಳು ಐದಾಗಿದ್ದವು. ಟ್ಯಾಂಕು ಹಾಗೇ ಇತ್ತು.

ಅಕ್ಕ ಕಾರ್ಪೊರೇಷನ್ನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು, ನಾನು ಪಕ್ಕದಲ್ಲಿದ್ದೆ.

“ಅನುಮತಿ ಇಲ್ದೆ ಕಟ್ಟಿದ್ದಾರಾ? ಯಾರದ್ದಮ್ಮ ಫ್ಲೆಕ್ಸು?”

“ನನ್ನ ಮಗಂದು.”

“ಬರ್ತ್‌ಡೇನಾ?”

“ತೀರ್ಕೊಂಡಿದ್ದಾನೆ.”

“ಮತ್ತೆ ನೀವೇ ಯಾಕಮ್ಮ ಕಂಪ್ಲೇಂಟ್ ಕೊಡ್ತಿದೀರಾ?”

ಲಾರಿ ಬಂತು. ಮೂವರು ಇಳಿದರು. ಮೇಸ್ತ್ರಿ ತಲೆಯೆತ್ತಿ ವಿಮಾನಗಳನ್ನು ನೋಡಿದ, ಚಪ್ಪಲಿ ಬಿಟ್ಟು ಸೆಲ್ಯೂಟ್ ಹೊಡೆದ. ಉಳಿದಿಬ್ಬರೂ ಕತ್ತಿ ಹಿಡಿದ ಕೈಯಲ್ಲೇ ಹೊಡೆದರು.

“ಇದನ್ನ ಮುಟ್ಟಕ್ಕಾಗಲ್ಲಮ್ಮ. ಹುತಾತ್ಮರದ್ದು.”

“ಹುತಾತ್ಮ ಅಲ್ಲಪ್ಪ. ಹುಷಾರಿಲ್ದೆ ಹೋದ.”

“ಹಾಗೆಲ್ಲ ಅನ್ಬಾರ್ದು.”

“ಹೆತ್ತೋಳು ನಾನು. ನಂಗೊತ್ತಿಲ್ವಾ?”

ಮೇಸ್ತ್ರಿ ಸಂಕಟದಲ್ಲಿ ನನ್ನ ಕಡೆ ತಿರುಗಿದ. “ಸರ್, ಏನಾದ್ರೂ ಪ್ರೂಫ್ ಇದ್ರೆ ತೋರಿಸಿ. ನಾಳೆ ನಮ್ಮನ್ನ ಹಿಡ್ಕೊಂಡು ಹೊಡೀತಾರೆ.”

ಮಗ ಹುತಾತ್ಮನಲ್ಲ ಎಂಬುದಕ್ಕೆ ಸಾಕ್ಷಿ ತರಲು ಅಕ್ಕ ಒಳಗೆ ಹೋದಳು. ಫೋನ್ ತಂದು, ಅದರಲ್ಲಿದ್ದ ಒಂದು ಫೋಟೋ ಹುಡುಕಿ ಅವನ ಕೈಗೆ ಕೊಟ್ಟಳು. ಆಸ್ಪತ್ರೆಯ ಮಂಚ. ಕೂದಲೆಲ್ಲ ಉದುರಿದ ಹುಡುಗ, ಬಾಯಿ ತೆರೆದಿದ್ದಾನೆ. ಪಕ್ಕದಲ್ಲಿ ಚಮಚ ಹಿಡಿದ ಅಕ್ಕ. ಅದನ್ನು ತೆಗೆದವನು ನಾನು.

ಮೇಸ್ತ್ರಿ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದ. ಒಮ್ಮೆ ಮೇಲಿದ್ದ ಮುಖ ನೋಡಿದ, ಒಮ್ಮೆ ಕೈಯಲ್ಲಿದ್ದ ಮುಖ.

“ಪಕ್ಕದಲ್ಲಿರೋದು ನೀವೇನಮ್ಮ?”

“ಹೂಂ. ನಾನೇ.”

ಅವನು ಚಪ್ಪಲಿ ಮೆಟ್ಟಿಕೊಂಡ. “ಕುಯ್ಯಿರೋ” ಎಂದ. ಒಂದು ಹಗ್ಗ ಬಿಟ್ಟಿತು. ಫ್ಲೆಕ್ಸಿನಲ್ಲಿ ಮುಖಂಡನಿದ್ದ ಕೆಳತುದಿ ಕಳಚಿ, ಗಾಳಿಗೆ ಮೇಲೆ ಹಾರಿ ವಿಮಾನಗಳನ್ನು ಮುಚ್ಚಿತು.

ಮೇಸ್ತ್ರಿ ಇನ್ನೂ ಫೋನ್ ಹಿಂತಿರುಗಿಸಿರಲಿಲ್ಲ. “ಹೆಂಗ್ ಶುರುವಾಯ್ತಮ್ಮ ಇದು?”

ಅಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ನಾನೂ ಸೇರಿ. ಅಕ್ಕ ಗೇಟಿಗೆ ಒರಗಿಕೊಂಡಳು.

“ಮೊದಲು ಬರೀ ವಸಡಲ್ಲಿ ರಕ್ತ. ಅಷ್ಟು ಜೋರಾಗಿ ಯಾಕೋ ಹಲ್ಲುಜ್ತೀಯಾ ಅಂತ ಬೈದೆ.”

ಲಾರಿಯ ಹಿಂದೆ ನಿಂತ ಆಟೋಗಳು ಹಾರ್ನ್ ಹೊಡೆಯಲು ಶುರುಮಾಡಿದವು. ಮೇಸ್ತ್ರಿ ತಿರುಗಿ ನೋಡದೆ, ತಾಳಿ ಎಂಬಂತೆ ಅವುಗಳ ಕಡೆ ಕೈಯೆತ್ತಿದ.

“ಆಮೇಲೆ?” ಎಂದ.