ದೇವದಾನಪ್ಪ ಕಾಕಾನ ಸೀಟಿ

ಒಂದು ಬೇಸಿಗೆಯಲ್ಲಿ ನಮ್ಮ ಓಣಿಗೆ ನೀರು ತಪ್ಪಿಸಿದವನು ಮಳೆರಾಯನಲ್ಲ, ನಳ ಬಿಡುವವನೂ ಅಲ್ಲ, ನಾನು. ಅದೂ ಎರಡೇ ಶಬ್ದಗಳಲ್ಲಿ, ಅವೂ ನನ್ನ ದನಿಯಲ್ಲಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ನನ್ನನ್ನು ನಾನೇ ಸಭ್ಯನನ್ನಾಗಿ ಮಾಡಿಕೊಳ್ಳುವ ಅಪಾಯವಿದೆ.

ಇದೆಲ್ಲ ನೆನಪಾದದ್ದು ಮೊನ್ನೆ ಸಂಜೆ. ನಮ್ಮ ಚರ್ಚಿನ ಕಾಂಪೌಂಡಿಗೆ, ರಸ್ತೆಯ ಮಗ್ಗುಲಿಗೆ, ಒಂದು ನಳವಿದೆ. ಹುಬ್ಬಳ್ಳಿಯ ಬಿಸಿಲಿಗೆ ದಿನವಿಡೀ ಕಾದ ಕಲ್ಲಿನ ಮೇಲೆ ಮೊದಲ ಕೊಡದ ನೀರು ಚೆಲ್ಲಿದಾಗ ಏಳುತ್ತದಲ್ಲ, ಆ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಮಣ್ಣಿನ ವಾಸನೆ. ನನಗೆ ಮಾತ್ರ ಹಿರಿಯರ ಸಭೆಯ ವಾಸನೆ.

ನಮ್ಮದು ಪ್ರೆಸ್ಬಿಟೇರಿಯನ್ ಪದ್ಧತಿಯ ಸಭೆ. ಹೆಸರಿಗೆ ಹೆದರಬೇಡಿ, ಅರ್ಥ ಸರಳ. ಪ್ರಸಂಗ ಮಾಡುವವರು ಅಯ್ಯನವರು, ಅಂದರೆ ಪಾದ್ರಿಗಳು; ಕಾರಭಾರ ನಡೆಸುವವರು ಹಿರಿಯರು. ನಾವೇ ಆರಿಸಿದ ಈ ಹಿರಿಯರು ತಿಂಗಳಿಗೊಮ್ಮೆ ಕೂಡಿ, ಹಾರ್ಮೋನಿಯಂ ರಿಪೇರಿಯಿಂದ ಹಿಡಿದು ಯಾರ ಮನೆಯ ಜಗಳ ಬಿಡಿಸಬೇಕು ಎಂಬವರೆಗೆ ಎಲ್ಲ ತೀರ್ಮಾನಿಸುತ್ತಾರೆ. ಅಯ್ಯನವರು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿರುತ್ತಾರೆ, ಮದುವೆಮನೆಯಲ್ಲಿ ಮದುಮಗ ಕೂತಂತೆ: ಎಲ್ಲರೂ ನೋಡುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಇನ್ನೊಂದು ನಿಯಮವಿದೆ. ಸಭೆ ಪ್ರಾರ್ಥನೆಯಿಂದ ಶುರುವಾಗಿ ಪ್ರಾರ್ಥನೆಯಿಂದಲೇ ಮುಗಿಯಬೇಕು. ಮುಕ್ತಾಯದ ಪ್ರಾರ್ಥನೆ ಆಯಿತೆಂದರೆ ಆಯಿತು. ಉಳಿದ ಮಾತು ಮುಂದಿನ ತಿಂಗಳಿಗೆ.

ಈ ನಿಯಮದ ಬೆಲೆಯನ್ನು ಪೂರ್ತಿ ಅರಿತವರು ದೇವದಾನಪ್ಪ ಕಾಕಾ ಒಬ್ಬರೇ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಹಿರಿಯರಲ್ಲೆಲ್ಲ ಹಿರಿಯರು. ತಮಗೆ ಸೇರದ ಮಾತು ಗೆಲ್ಲುವಂತೆ ಕಂಡಿತೋ, ಎದ್ದು ನಿಂತು "ಪ್ರಾರ್ಥನೆ ಮಾಡೋಣ" ಎಂದುಬಿಡುತ್ತಿದ್ದರು. ಪ್ರಾರ್ಥನೆ ಬೇಡ ಎನ್ನಲು ಯಾವ ಕ್ರೈಸ್ತನಿಗೆ ಧೈರ್ಯ? ಎಲ್ಲರ ಕಣ್ಣೂ ಮುಚ್ಚುತ್ತಿದ್ದವು, ಜೊತೆಗೆ ಸಭೆಯೂ.

ನಾನಾಗ ಕಾಲೇಜು ಹುಡುಗ. ಕಾಲೇಜಿಗೆ ಹೋಗುತ್ತಿದ್ದೆ ಎಂದು ಹೇಳಲಾರೆ, ಹುಡುಗನಾಗಿದ್ದುದು ಮಾತ್ರ ನಿಜ. ಅಯ್ಯನವರ ಕೆಮ್ಮು, ಕಾಕಾನ ಗಂಟಲು, ನನ್ನದೇ ಗೊರಕೆ, ಯಾವುದನ್ನೂ ಬಿಡದೆ ಅನುಕರಿಸುತ್ತಿದ್ದೆ. ಅವ್ವನಂತೂ ಊಟಕ್ಕೆ ಬಡಿಸುವ ಮೊದಲು ಕೇಳುತ್ತಿದ್ದಳು: "ಈಗ ಮಾತಾಡಾಕತ್ತಂವ ನೀನಽ ಏನು, ಇಲ್ಲಾ ಯಾರರೆ ಬೀಗರು ಬಂದಾರೋ?"

ಆ ಬೇಸಿಗೆಯಲ್ಲಿ ಓಣಿಯ ನೀರು ವಾರಗಟ್ಟಲೆ ಮುನಿಸಿಕೊಂಡಿತ್ತು. ಚರ್ಚಿನ ಬೋರಿನಲ್ಲಿ ಮಾತ್ರ ಸಿಹಿನೀರು. ಗೋಡೆಯಾಚೆಗೆ ಒಂದು ನಳ ಹಾಕಿಸಿ ಓಣಿಗೆ ಬಿಡೋಣ ಎಂದವರು ಸುಗುಣಾ ಟೀಚರ್, ನಮ್ಮ ಸಭೆಗೆ ಆರಿಸಿ ಬಂದ ಮೊದಲ ಹೆಣ್ಣು ಹಿರಿಯರು. ಅವರ ಕಣ್ಣ ಮುಂದೆ ಇದ್ದವಳು ಚರ್ಚಿನ ಎದುರುಮನೆಯ ಯಲ್ಲವ್ವ. ಜೋಳದ ರೊಟ್ಟಿ ಬಡಿದು ದುರ್ಗದಬೈಲಿನ ಖಾನಾವಳಿಗಳಿಗೆ ಕೊಟ್ಟು ಮನೆ ನಡೆಸುವವಳು. ನೀರಿಲ್ಲದಿದ್ದರೆ ಹಿಟ್ಟು ಕಲಸುವಂತಿಲ್ಲ. ಹಿಟ್ಟು ಕಲಸದಿದ್ದರೆ ಆ ದಿನ ಅವಳ ಮಕ್ಕಳ ತಾಟಿನಲ್ಲೂ ರೊಟ್ಟಿ ಇಲ್ಲ.

ಕಾಕಾ ಕೆಟ್ಟವರೇನಲ್ಲ. ಆ ಬೋರು ಕೊರೆಯುವಾಗ ಬಿಸಿಲಲ್ಲಿ ನಿಂತು ಕಾದವರು ಅವರೇ. "ಇವತ್ತ ಕೊಡಾ ತರ್ತಾರ, ನಾಳೆ ಬ್ಯಾರಲ್ ತರ್ತಾರ. ಬೋರ್ ಬತ್ತಿದ್ರ ನಮಗ ಯಾರು ಕೊಡ್ತಾರ್ರೀ?" ಎನ್ನುವುದು ಅವರ ವಾದ. ವಾದ ಸೋಲುವಂತಾದರೆ ಪ್ರಾರ್ಥನೆ. ಹೀಗೆ ಎರಡು ತಿಂಗಳು ನಳದ ಮಾತು ಕಣ್ಣುಮುಚ್ಚಿಕೊಂಡೇ ಕಳೆಯಿತು.

ಇದರ ನಡುವೆ ಒಂದು ಭಾನುವಾರ ಅಯ್ಯನವರು ಬೈಬಲ್ಲಿನಲ್ಲಿ ಬಾವಿಗೆ ನೀರಿಗೆಂದು ಬಂದ ಸಮಾರ್ಯದ ಹೆಂಗಸಿನ ಮೇಲೆ ಭರ್ಜರಿ ಪ್ರಸಂಗ ಮಾಡಿದರು. ಮೈಕಿನ ದನಿ ಓಣಿಗೂ ಕೇಳುತ್ತಿತ್ತು. ಹೊರಗೆ ಬಂದರೆ ಖಾಲಿ ಕೊಡ ಹಿಡಿದ ಯಲ್ಲವ್ವ ನನ್ನನ್ನು ತಡೆದಳು. "ನಿಮ್ಮ ಪುಸ್ತಕದಾಗೂ ಒಂದು ಬಾವಿ ಐತಂತಲ್ಲೋ ತಮ್ಮಾ, ಕೇಳಿ ಸಂತೋಷಾತು. ಹಗ್ಗಾ ಯಾರ ಕಡೆ ಐತಿ?" ನಾನು ನಕ್ಕೆ. ನಕ್ಕು ಸೈಕಲ್ ಹತ್ತಿದೆ.

ಮೂರನೆಯ ತಿಂಗಳ ಸಭೆ. ನಾವು ಯುವಕ ಸಂಘದವರು ಹಾಡಿನ ಅಭ್ಯಾಸಕ್ಕೆ ಆ ಕೋಣೆ ಖಾಲಿಯಾಗಲೆಂದು ಪಡಸಾಲೆಯಲ್ಲಿ ಕಾಯುತ್ತಿದ್ದೆವು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಟೀಚರ್ ಆವತ್ತು ಸಿದ್ಧರಾಗಿಯೇ ಬಂದಿದ್ದರು. "ಮುಂಜಾನಿ ಒಂದು ತಾಸು, ಸಂಜೀಕ ಒಂದು ತಾಸು ಬಿಡೂಣ್ರಿ. ಬೋರ್ ಇಳೀತಂದ್ರ ನಾನಽ ಬಂದ್ ಮಾಡಸ್ತೇನಿ." ಕಾಕಾ ನೀರು ಕುಡಿಯುತ್ತಿದ್ದರು, ಲೋಟ ಬಾಯಲ್ಲೇ ಇತ್ತು. ಅಯ್ಯನವರು ಕೈ ಎತ್ತಲು ಹೇಳಿದರು. ಒಂದೊಂದೇ ಕೈ ಏಳತೊಡಗಿತು. ಅಷ್ಟರಲ್ಲಿ ಗೆಳೆಯನೊಬ್ಬ ನನ್ನ ಪಕ್ಕೆ ತಿವಿದ: "ಏ, ಕಾಕಾಂದು ಮಾಡಲೇ."

ಮಾಡಿದೆ. ಪಡಸಾಲೆಯ ಮಟ್ಟಿಗೆಂದು ಮಾಡಿದ್ದು ಕಿಟಕಿಯ ಸರಳು ದಾಟಿ ಒಳಗೆ ಹೋಯಿತು. "ಪ್ರಾರ್ಥನೆ ಮಾಡೋಣ."

ಎದ್ದ ಕೈಗಳೆಲ್ಲ ಇಳಿದು ಜೋಡಿಯಾದವು. ಕಾಕಾ ಲೋಟ ಕೆಳಗಿಟ್ಟು ಒಮ್ಮೆ ಸುತ್ತ ನೋಡಿದರು. ಆಮೇಲೆ ಎದ್ದು ಪ್ರಾರ್ಥನೆ ಶುರುಮಾಡಿದರು. ರೂಢಿಯ ಬಲ ನೋಡಿ, ಪಾಪ, ತಾವೇ ಅಂದದ್ದೆಂದು ನಂಬಿಬಿಟ್ಟರಲ್ಲ ಎಂದುಕೊಂಡೆ. ರೋಗಿಗಳಿಗಾಗಿ, ಪ್ರಯಾಣಿಕರಿಗಾಗಿ, ದೇಶದ ನಾಯಕರಿಗಾಗಿ ಬೇಡಿದರು. ಆಮೆನ್. ನಳ ಮುಂದಿನ ತಿಂಗಳಿಗೆ ಹೋಯಿತು.

ಟೀಚರ್ ಹೊರಗೆ ಬಂದವರೇ ಸೀದಾ ನನ್ನ ಮುಂದೆ ನಿಂತರು. "ಕಾಕಾರ ಮುಂದಿನ ಹಲ್ಲ ಬಿದ್ದೈತಿ. ಪ್ರಾರ್ಥನೆ ಅಂದಾಗ ಸಣ್ಣಗ ಸೀಟಿ ಬರ್ತೈತಿ. ನಿನ್ನ ಪ್ರಾರ್ಥನ್ಯಾಗ ಸೀಟಿ ಇರಲಿಲ್ಲ."

ನಾಚಿಕೆಯಾಗಬೇಕಿತ್ತು. ನನಗೆ ಆದದ್ದು ಕಲಾವಿದನ ಅವಮಾನ.

"ಒಳಗ ಹೇಳ್ತೀರೇನ್ರಿ ಟೀಚರ್?"

"ಯಾಕ ಹೇಳ್ಲಿ? ಹೇಳಿದ್ರ ನಿನಗ ಹೆಸರು ಬರ್ತೈತಿ. ಮುಂದಿನ ಸಭಾ ತನಕಾ ಯಲ್ಲವ್ವನ ಮನಿಗೆ ನೀ ನೀರು ಹೊರು."

ಹೊತ್ತೆ. ದೂರದ ಓಣಿಯ ನಳದಿಂದ, ಸೈಕಲ್ಲಿನ ಎರಡೂ ಬದಿಗೆ ಕೊಡ ಕಟ್ಟಿಕೊಂಡು, ಅರ್ಧ ನೀರು ನನ್ನ ಪ್ಯಾಂಟಿಗೆ, ಅರ್ಧ ಯಲ್ಲವ್ವನ ಹಿಟ್ಟಿಗೆ. "ತಮ್ಮಾ, ನೀರು ತರಾಕತ್ತಿಯೋ, ಓಣಿ ತೊಳ್ಯಾಕತ್ತಿಯೋ?" ಎಂದು ಅವಳು ಬಾಗಿಲಲ್ಲೇ ಕೇಳುತ್ತಿದ್ದಳು. ಒಂದು ದಿನ ಮಾತ್ರ ಏಳುವುದು ತಡವಾಯಿತು. ಹೋದಾಗ ಒಲೆಯ ಮೇಲಿನ ಹಂಚು ತಣ್ಣಗಿತ್ತು, ಒಣಹಿಟ್ಟಿನ ಮುಂದೆ ಯಲ್ಲವ್ವ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಅವಳ ದನಿಯನ್ನಾದರೂ ಕಲಿಯುತ್ತಿದ್ದೆ. ಆ ದಿನ ಪೂರ್ತಿ ನನ್ನ ಬಾಯಿಗೆ ಯಾರ ದನಿಯೂ ಬರಲಿಲ್ಲ.

ಮುಂದಿನ ಸಭೆಯಲ್ಲಿ ಮತ್ತೆ ಅದೇ ಮಾತು, ಮತ್ತೆ ಕೈಗಳು, ಮತ್ತೆ "ಪ್ರಾರ್ಥನೆ ಮಾಡೋಣ". ಟೀಚರ್ ಮೊದಲು ಕಿಟಕಿಯತ್ತ ನೋಡಿದರು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಈ ಸಲದ್ದು ಅಸಲಿ, ಸೀಟಿಯೂ ಇತ್ತು.

"ಮಾಡೂಣ್ರಿ ಕಾಕಾ," ಎಂದರು ಟೀಚರ್. "ಆದ್ರ ಇವತ್ತ ಕಣ್ಣ ತೆರಕೊಂಡು ಮಾಡೂಣು. ಆ ಬಾಗಲಾ ಕಡೆ ಮುಖಾ ಮಾಡ್ರಿ."

ಬಾಗಿಲಾಚೆ ಗೇಟಿನ ಹತ್ತಿರ ಯಲ್ಲವ್ವ, ಅವಳ ಹಿಂದೆ ಓಣಿಯ ಹೆಂಗಸರು, ಎಲ್ಲರ ಕಂಕುಳಲ್ಲೂ ಖಾಲಿ ಕೊಡ. ಕಾಕಾ ಅತ್ತ ತಿರುಗಿ "ಪರಲೋಕದಲ್ಲಿರುವ ತಂದೆಯೇ" ಎಂದರು. ಸಾಲಾಗಿ ನಿಂತ ಖಾಲಿ ಕೊಡಗಳ ಮೇಲೆ ಕಣ್ಣು ಬಿತ್ತು. ಪ್ರಾರ್ಥನೆಯನ್ನು ಅಲ್ಲಿಗೇ ಬಿಟ್ಟು ಕೂತರು. "ನಳಾ ಎಲ್ಲಿ ಕೂಡಸ್ತೀರಿ?" ಎಂದು ಕೇಳಿದರು.

ಆ ನಳಕ್ಕೆ ಈಗ ಕಾಕಾನೇ ಕಾವಲು. ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡು, ಸಂಜೆ ಕುರ್ಚಿ ತಂದು ಪಕ್ಕದಲ್ಲಿ ಕೂತು, ಕೋಲೆತ್ತಿ "ಒಬ್ಬೊಬ್ರಽ ಬರ್ರಿ, ಗಾಡಿ ಎಲ್ಲೂ ಓಡಿ ಹೋಗೂದಿಲ್ಲ" ಎನ್ನುತ್ತಿರುತ್ತಾರೆ. ಮೊನ್ನೆ ಆ ವಾಸನೆಯ ಗುಂಗಿನಲ್ಲಿ ಅವರ ಮುಂದೆ ಹೋಗಿ ನಿಂತೆ. ಇಷ್ಟು ವರ್ಷದ ಅಭ್ಯಾಸ ನನ್ನದು. ಸೀಟಿ ಸಮೇತ "ಪ್ರಾರ್ಥನೆ ಮಾಡೋಣ" ಎಂದೆ. "ಕಾಕಾ, ಆವತ್ತ ಕಿಟಕ್ಯಾಗಿಂದ ಹಿಂಗ ಅಂದಂವ ನಾ. ನೀವು ನಿಮ್ಮ ದನೀನಽ ಅಂತ ತಿಳಕೊಂಡ್ರಿ."

ಕಾಕಾ ಸರದಿಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಆವತ್ತಽ ಗೊತ್ತಿತ್ತೋ. ಗೊತ್ತಿದ್ದಽ ಎದ್ದು ಪ್ರಾರ್ಥನೆ ಮಾಡಿದ್ದೆ. ಸೀಟಿ ಊದಲಾರದಽ ಗಾಡಿ ಬಿಟ್ಟಂವಾ ಗಾರ್ಡ್, ನೀ ಅಲ್ಲ. ಕೊಡಾ ತಂದಿದ್ರ ಸಾಲಿನ್ಯಾಗ ನಿಲ್ಲು, ಇಲ್ಲಂದ್ರ ದಾರಿ ಬಿಡು."