ಒಂದೂವರೆ ಕಡುಬು

ನಮ್ಮ ಅತ್ತೆಯ ನಾಲಿಗೆಯ ತುದಿ ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಸವಳಂಗದಿಂದ ಚನ್ನಗಿರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಈಯಮ್ಮ ಯಾರಿಗೂ ಕೊಡದೆ ಕದ್ದು ನೇರಳೆಹಣ್ಣು ತಿನ್ನುತ್ತಾರೆ ಅಂತಲೇ ನಾನು ತಿಳಿದಿದ್ದೆ. ಎಲ್ಲಿ ಬಚ್ಚಿಟ್ಟಿದ್ದಾರೋ ಎಂದು ಅಡುಗೆಮನೆಯ ಗಡಿಗೆಗಳನ್ನೆಲ್ಲ ಒಂದು ಸಲ ಹುಡುಕಿದ್ದೂ ಉಂಟು. ನಾನು ಹೊಟ್ಟೆಬಾಕಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಅದು ಹಣ್ಣಿನ ಬಣ್ಣವಲ್ಲ, ಪೆನ್ಸಿಲಿನದು. ಆಗೆಲ್ಲ ಬಸ್ ಕಂಡಕ್ಟರುಗಳು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರಲ್ಲ, ಒದ್ದೆ ಮಾಡಿದರೆ ಶಾಯಿಯ ಹಾಗೆ ಮೂಡುವ ಪೆನ್ಸಿಲು, ಅದು. ದಿನಾ ಸಂಜೆ ದೀಪ ಹಚ್ಚಿ, ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತು, ಅತ್ತೆ ಅದನ್ನು ನಾಲಿಗೆಗೆ ತಾಗಿಸಿ ಮಕ್ಕಳ ನೋಟ್‌ಬುಕ್ಕಿನಲ್ಲಿ ಆ ದಿನದ ಸಮಾಚಾರ ಬರೆಯುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಒಂದೊಂದೂ ಹುರಿಗಡಲೆಯಷ್ಟು ದಪ್ಪ. ದಿನಕ್ಕೆ ನಾಲ್ಕೈದು ಸಾಲು, ಹೆಚ್ಚಿಲ್ಲ.

ಬರೆಯುತ್ತಿದ್ದದ್ದಾದರೂ ಏನು? "ಇವತ್ತು ಹೊನ್ನಾಳಿ ಬಸ್ಸು ಬರಲಿಲ್ಲ. ಸ್ಟ್ಯಾಂಡಿನಲ್ಲಿ ಮದುವೆ ದಿಬ್ಬಣ ಕೂತೇ ಇತ್ತು." "ಬೀದಿಗೆ ನಲ್ಲಿ ಹಾಕಿದರು. ಗಾಳಿ ಬಂತು, ನೀರು ಬರಲಿಲ್ಲ." "ಟೆಂಟಿಗೆ ಹೊಸ ಸಿನಿಮಾ ಬಂದಿದೆ. ಸೊಸೆಗೆ ನೋಡುವ ಆಸೆ, ಬಾಯಿಬಿಟ್ಟು ಕೇಳಳು. ನಾಳೆ ಕಳಿಸಬೇಕು." ಮಾರನೆಯ ದಿನ ನಮ್ಮೆಜಮಾನರು ತಾಲ್ಲೂಕು ಕಚೇರಿಯಿಂದ ಬೇಗ ಬಂದು, "ನಡಿ, ಸಿನಿಮಾಕ್ಕೆ" ಎಂದಾಗ ನನಗೆ ಬೆರಗು. ನೋಟ್‌ಬುಕ್ಕಿನಲ್ಲಿ ಬರೆದಿತ್ತು ಅನ್ನುವುದು ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಆ ನೋಟ್‌ಬುಕ್ಕುಗಳು ಕಬ್ಬಿಣದ ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಅವರ ಸೊಂಟದಲ್ಲಿ. ಬೇರೆಯವರು ಮುಟ್ಟುವಂತಿಲ್ಲ. ಅವರು ಓದಬೇಕು, ನಾವು ಕೇಳಬೇಕು.

ನಮ್ಮ ಬೀದಿಯವರಿಗೆ ಆ ಟ್ರಂಕೇ ಕಚೇರಿ. ಎಮ್ಮೆ ಗಬ್ಬ ಕಟ್ಟಿಸಿದ್ದು ಯಾವಾಗ, ಮಳೆಗೆ ಗೋಡೆ ಬಿದ್ದದ್ದು ಯಾವ ವರ್ಷ, ಕೂಸು ಹುಟ್ಟಿದ್ದು ಯಾವ ವಾರ, ಎಲ್ಲಕ್ಕೂ ನಮ್ಮ ಜಗಲಿಗೇ ಬರಬೇಕು. ಮಕ್ಕಳನ್ನು ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರೇ, "ಹೋಗಿ ಆ ಅಮ್ಮನ ಹತ್ರ ತಾರೀಕು ಕೇಳ್ಕಂಡು ಬರ್ರಿ" ಎಂದು ಅಟ್ಟುತ್ತಿದ್ದರು.

ಒಮ್ಮೆ ಎದುರು ಮನೆಯವನು ಬಂದು ಕೈಕೈ ಹಿಸುಕಿಕೊಂಡು ನಿಂತ. "ಅಮ್ಮಾ, ನನ್ ಮಗನ ವಯಸ್ಸು ಒಂದು ವರ್ಷ ಕಮ್ಮಿ ಮಾಡಿ ಬರ್ಕೊಡ್ರಿ. ಮುಂದೆ ನೌಕರಿಗೆ ಅನುಕೂಲ ಆಗ್ತೈತೆ."

"ಅವ್ನು ಹುಟ್ಟಿದ ದಿನ ನಾನೇ ಬಿಸಿನೀರು ಕಾಯಿಸಿದ್ದು ಕಣಪ್ಪ," ಎಂದರು ಅತ್ತೆ. "ಬರೆದದ್ದು ಬರೆದಂಗೆ ಇರ್ಬೇಕು. ಅಳಸಾಕೆ ನನ್ ಕೈ ಏಳಲ್ಲ."

ಅವನು ಮೂರು ತಿಂಗಳು ನಮ್ಮ ಮನೆಯ ಕಡೆ ಮುಖ ಹಾಕಲಿಲ್ಲ. ಅತ್ತೆ ಅದನ್ನೂ ಬರೆದುಕೊಂಡರು. ಇಂಥವರ ನೋಟ್‌ಬುಕ್ಕಿನಲ್ಲಿ ಇದೆ ಅಂದಮೇಲೆ ಮುಗಿಯಿತು, ಬೀದಿಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ನನಗಂತೂ ಆ ಪೆನ್ಸಿಲಿನ ಭಯ ಶುರುವಾದದ್ದು ಮದುವೆಯಾದ ಮರುವರ್ಷ, ಹಿರಿಯರ ಹಬ್ಬದ ದಿನ.

ಮಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಬಾಳೆ ಎಲೆಯ ಮೇಲೆ ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಬೇಕು. ನಮ್ಮ ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರಿಗೆ ಕರಿಗಡುಬು, ಮಂಡಕ್ಕಿ, ಮೆಣಸಿನಕಾಯಿ ಬೋಂಡ, ಪಕ್ಕದಲ್ಲಿ ಒಂದು ನಶ್ಯದ ಡಬ್ಬಿ. ಅಜ್ಜಿಗೆ ಹೋಳಿಗೆ. ಯಾರಿಗೆ ಏನು ಅನ್ನುವುದೂ ಅತ್ತೆಯ ನೋಟ್‌ಬುಕ್ಕಿನಲ್ಲೇ ಇರುತ್ತಿತ್ತು. ಪೂಜೆಗೆ ಮುಂಚೆ ಎಲ್ಲರನ್ನೂ ಕೂರಿಸಿ, ಹೋದ ವರ್ಷದ ಹಬ್ಬದ ದಿನ ಬರೆದದ್ದನ್ನು ಅವರು ಓದುವುದು ಮನೆಯ ಪದ್ಧತಿ. ಪೂಜೆಯಾದ ಮೇಲೆ ಎಲ್ಲರೂ ಹೊರಗೆ ಬಂದು, ಕದ ಮುಚ್ಚಿ ಚಿಲಕ ಹಾಕಿ ಜಗಲಿಯಲ್ಲಿ ಕೂರಬೇಕು. ಒಂದು ಎಲೆಅಡಿಕೆ ಜಗಿಯುವಷ್ಟು ಹೊತ್ತು ಯಾರೂ ತುಟಿ ಬಿಚ್ಚುವಂತಿಲ್ಲ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಆಮೇಲೆ ಮೂರು ಸಲ ಕದ ತಟ್ಟಿ ಒಳಗೆ ಹೋಗುವುದು. ಅಲ್ಲಿಯವರೆಗೆ ಮನೆಯಲ್ಲಿ ಯಾರ ಬಾಯಿಗೂ ಒಂದು ಅಗುಳು ಬೀಳಬಾರದು.

ನನಗೆ ಏಳು ತಿಂಗಳು. ಬೆಳಗಿನಿಂದ ಒಲೆಯ ಮುಂದೆ ಕೂತು ಕಡುಬು ಕರಿದವಳೂ ನಾನೇ. ಪೂಜೆ ಮುಗಿಯುವಾಗ ತಲೆ ಗಿಮ್ಮೆಂದು, ಮುಖಕ್ಕೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದೆ. ತಿರುಗಿ ಬಂದರೆ ಮನೆಯಲ್ಲಿ ನರಪಿಳ್ಳೆ ಇಲ್ಲ. ಮುಂಬಾಗಿಲಿಗೆ ಚಿಲಕ ಬಿದ್ದಿದೆ. ಹೊರಗೆ ಇಪ್ಪತ್ತು ಜನ ನೆಂಟರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಕೂಗುವಂತಿಲ್ಲ, ಕೂಗಿದರೆ ಹಿರಿಯರ ಊಟ ಕೆಟ್ಟಹಾಗೆ. ನಾನು, ಮಾವನ ಫೋಟೊ, ಮತ್ತು ಎಲೆಯ ತುಂಬ ಕಡುಬು.

"ಮಾವನೋರೆ, ಒಂದೇ ಒಂದು," ಅಂದೆ. ಫೋಟೊ ಬೇಡ ಅನ್ನಲಿಲ್ಲ.

ಆಹಾ, ಆ ಕಡುಬಿನ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ. ಒಂದು ಮುಗಿಯಿತು. ಕೈ ಇನ್ನೊಂದಕ್ಕೆ ಹೋಯಿತು. ಅರ್ಧ ಕಚ್ಚಿದ್ದೆ ಅಷ್ಟೆ, ಟಕ್ ಟಕ್ ಟಕ್ ಎಂದು ಕದದ ಸದ್ದು. ಉಳಿದರ್ಧವನ್ನು ಎಲೆಗೇ ಎಸೆದು ಅಡುಗೆಮನೆಗೆ ಓಡಿದೆ. ನುಗ್ಗಿ ಬಂದ ಗುಂಪಿನ ಹಿಂದೆ ಮೆಲ್ಲಗೆ ಸೇರಿಕೊಂಡೆ.

ಮೊದಲು ನೋಡಿದ್ದು ಬಸವಾಪಟ್ಟಣದಿಂದ ಬಂದಿದ್ದ ನಮ್ಮೆಜಮಾನರ ಅಕ್ಕ. "ಅವ್ವಾ, ಅಪ್ಪ ಬಂದಿದ್ರು! ನೋಡ್ರೋ, ಕಡುಬು ಕಚ್ಚ್ಯಾರೆ, ಹಲ್ಲಿನ ಗುರ್ತು ಹೆಂಗೈತೆ ನೋಡ್ರೋ!" ಎಂದು ಗೊಳೋ ಎಂದು ಅತ್ತುಬಿಟ್ಟರು. ಅಳುತ್ತಲೇ ನಗುತ್ತಿದ್ದರು. ನೆಂಟರೆಲ್ಲ ಅಡ್ಡಬಿದ್ದರು. ಅಷ್ಟು ಹೊತ್ತಿಗೆ ಅಕ್ಕಪಕ್ಕದವರೂ ಬಂದರು.

ಅತ್ತೆ ಮಾತ್ರ ಸುಮ್ಮನೆ ಆ ಅರ್ಧ ಕಡುಬನ್ನು ನೋಡಿದರು. ಯಾಕೆಂದರೆ ಮಾವನಿಗೆ ಕೊನೆಗಾಲದಲ್ಲಿ ಮುಂದಿನ ಹಲ್ಲು ಒಂದೂ ಇರಲಿಲ್ಲ. ಕಡೆಯ ಹಲ್ಲು ಬಿದ್ದ ದಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರೇ ಅವರು. ಆಮೇಲೆ ನನ್ನ ಕಡೆ ತಿರುಗಿ, ಹತ್ತಿರ ಬಂದು, "ಎಷ್ಟು ಬೆವ್ತಿದೀಯೇ ಹುಡುಗಿ," ಎಂದು ಸೆರಗಿನಿಂದ ನನ್ನ ಬಾಯಿಯ ಅಂಚು ಒರೆಸಿದರು. ಸೆರಗಿಗೆ ಹೂರಣ ಹತ್ತಿತ್ತು. ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಎಲೆ ಹಾಕ್ರಿ, ಊಟಕ್ಕೆ ಕೂರ್ರಿ" ಅಂದರು.

ಆ ಸಂಜೆ ಅವರು ಪೆನ್ಸಿಲನ್ನು ನಾಲಿಗೆಗೆ ತಾಗಿಸಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಎಡೆಯನ್ನು ಎಂಜಲು ಮಾಡಿದವಳು ಅಂತ ಒಂದು ಸಾಲು ಬರೆದರೆ ಮುಗಿಯಿತು. ಬರುವ ವರ್ಷ ಎಲ್ಲರ ಮುಂದೆ ಅದನ್ನು ಓದುತ್ತಾರೆ. ಹೊಟ್ಟೆಯಲ್ಲಿದ್ದ ಕೂಸಿಗೆ ನೆಗಡಿಯಾದರೂ ಅದಕ್ಕೇ ಅನ್ನುತ್ತಾರೆ. ತೌರುಮನೆಯ ಮರ್ಯಾದೆ ಸವಳಂಗದ ಬಸ್ ಸ್ಟ್ಯಾಂಡಿನಲ್ಲಿ ಹರಾಜಾಗುತ್ತದೆ. ಅತ್ತೆಯ ಹತ್ತಿರ ಬಾಯಿಬಿಟ್ಟು ಕೇಳೋಣವೆಂದರೆ ಧೈರ್ಯವಿಲ್ಲ. ಅವರೂ ಏನೂ ಅನ್ನಲಿಲ್ಲ. ಮಗಳು ಗುಂಡುಗುಂಡಾಗಿ ಹುಟ್ಟಿದಳು. "ನಮ್ಮಪ್ಪನ ಆಶೀರ್ವಾದ" ಎಂದು ಅಕ್ಕ ಬಸವಾಪಟ್ಟಣದಲ್ಲೆಲ್ಲ ಸಾರಿಕೊಂಡು ಬಂದರು. ನಾನು ಒಂದು ವರ್ಷ ನೆಟ್ಟಗೆ ನಿದ್ದೆ ಮಾಡಲಿಲ್ಲ.

ಮರುವರ್ಷ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಮಾವ ಉಂಡು ಹೋದ ಸಂಗತಿಯನ್ನು ಅತ್ತೆಯ ಬಾಯಲ್ಲಿ ಕೇಳಬೇಕೆಂದು ಉಬ್ರಾಣಿಯಿಂದ ಮಾವನ ತಮ್ಮನೂ ಸಂಸಾರ ಸಮೇತ ಬಂದಿದ್ದರು. ಅತ್ತೆ ದಾರ ಕಟ್ಟಿದ ಕನ್ನಡಕ ಏರಿಸಿ, ನೋಟ್‌ಬುಕ್ಕು ತೆಗೆದರು. ನಾನು ಮಗುವನ್ನು ಅವಚಿಕೊಂಡು ಕಂಬದ ಮರೆಗೆ ನಿಂತೆ.

"ಬೆಳಿಗ್ಗೆ ಮೋಡ ಇತ್ತು. ಬಸವಾಪಟ್ಟಣದ ಬಸ್ಸು ತಡವಾಗಿ ಬಂತು. ಮಧ್ಯಾಹ್ನ ಎಡೆ ಇಟ್ಟೆವು," ಎಂದು ಓದಿದರು. ಅಲ್ಲಿಯವರೆಗೆ ಅವರ ಬೆರಳು ಸಾಲಿನ ಮೇಲೆ ಓಡುತ್ತಿತ್ತು. ಅಲ್ಲಿಗೆ ನಿಂತಿತು. ಬೆರಳು ನಿಂತೇ ಇದ್ದರೂ ಓದು ಮುಂದುವರಿಯಿತು. "ಕದ ತೆಗೆದಾಗ ಒಂದೂವರೆ ಕಡುಬು ಕಮ್ಮಿ ಇತ್ತು. ಯಜಮಾನರು ಬಂದು ಉಂಡರು. ಅರ್ಧ ಬಿಟ್ಟು ಹೋಗಿದ್ದಾರೆ. ಮನೆಯಲ್ಲಿ ಬಸುರಿ ಉಪವಾಸ ಇದ್ದಾಳೆಂದು ಅವರ ಗಂಟಲಲ್ಲಿ ಇಳಿಯಲಿಲ್ಲ. ಇನ್ನು ಮುಂದೆ ಬಸುರಿಯರಿಗೆ, ಬಾಣಂತಿಯರಿಗೆ, ಸಣ್ಣ ಮಕ್ಕಳಿಗೆ ಮೊದಲು ಊಟ. ಆಮೇಲೆ ಎಡೆ."

ಉಬ್ರಾಣಿಯ ಚಿಕ್ಕಮಾವ ಮುಖ ಗಂಟಿಕ್ಕಿದರು. "ಅತ್ತಿಗೆಮ್ಮಾ, ಹಿರೇರಿಗಿಂತ ಮೊದ್ಲು ಉಣ್ಣಾದು ಅಂದ್ರೆ ಹೆಂಗೆ? ನಮ್ಮ ವಂಶದಾಗೇ ಇಲ್ಲ."

"ನನ್ ಮಾತಲ್ಲಪ್ಪ. ನಿಮ್ಮಣ್ಣನೇ ಬಿಟ್ಟು ಹೋದ ಕಡುಬು. ಬರ್ದೈತೆ," ಎಂದು ಅತ್ತೆ ನೋಟ್‌ಬುಕ್ಕು ಮುಚ್ಚಿದರು.

ಆ ನೋಟ್‌ಬುಕ್ಕಿನ ಎದುರು ಯಾರು ತಾನೇ ಮಾತಾಡಿಯಾರು? ಅವತ್ತು ಅವರದೇ ಸೊಸೆ, ಐದು ತಿಂಗಳ ಬಸುರಿ, ಎಲ್ಲರಿಗಿಂತ ಮೊದಲು ಎಲೆಯ ಮುಂದೆ ಕೂತಳು. ನನ್ನ ಅತ್ತೆಯೇ ನಿಂತು ತುಪ್ಪ ಬಡಿಸಿದರು. ಎಡೆಯಾದ ಮೇಲೆ ಚಿಲಕ ಹಾಕುವ ಮುಂಚೆ ಒಳಕ್ಕೆ ತಲೆ ಹಾಕಿ ಗಟ್ಟಿಯಾಗಿ, "ಒಳಗೆ ಯಾರೂ ಉಳ್ದಿಲ್ಲ ಅಲ್ಲ?" ಎಂದು ಕೇಳಿದರು. ಹಾಗೆ ಕೇಳುವುದೂ ಅವತ್ತಿನಿಂದ ಮನೆಯ ಪದ್ಧತಿಯಾಯಿತು. ಕೇಳುವಾಗ ಪ್ರತಿ ವರ್ಷವೂ ಓರೆಗಣ್ಣಿನಲ್ಲಿ ನನ್ನನ್ನು ಒಮ್ಮೆ ನೋಡುತ್ತಿದ್ದರು. ಅವರ ತುಟಿಯ ಕೊನೆಯಲ್ಲಿ ನಗು ಇರುತ್ತಿತ್ತೋ ಇಲ್ಲವೋ, ನಾನು ತಲೆ ಎತ್ತಿ ನೋಡಿದ್ದರೆ ತಾನೇ.

ಹನ್ನೆರಡು ಹಬ್ಬ ಹೀಗೇ ಕಳೆದವು. ಬೀದಿಗೆ ಟಿ.ವಿ. ಬಂತು, ಟೆಂಟು ಹೋಯಿತು, ಎದುರು ಮನೆಯ ಹುಡುಗ ಸರಿಯಾದ ವಯಸ್ಸಿಗೇ ನೌಕರಿ ಹಿಡಿದ. ಎಲ್ಲವೂ ನೋಟ್‌ಬುಕ್ಕಿಗೆ ಬಿತ್ತು. ಒಂದು ಬೇಸಗೆಯಲ್ಲಿ ಅತ್ತೆ ಜ್ವರವೆಂದು ಮಲಗಿದವರು ಏಳಲಿಲ್ಲ. ಬಾಯಿಗೆ ನೀರು ಬಿಡುವಾಗ ನೋಡಿದೆ, ನಾಲಿಗೆಯ ತುದಿ ಇನ್ನೂ ನೇರಳೆಯಾಗಿಯೇ ಇತ್ತು. ಅದನ್ನು ನೋಡಿ ನಾನು ಅತ್ತಷ್ಟು ನನ್ನ ಹೆತ್ತವ್ವನಿಗೂ ಅತ್ತಿಲ್ಲ.

ಆ ವರ್ಷ ಹಬ್ಬ ಬಂದಾಗ, ಟ್ರಂಕಿನ ಕೀಲಿ ನನ್ನ ಸೊಂಟಕ್ಕೆ ಬಂದಿತ್ತು. ಅವರಿಗೆ ಮೊದಲ ಎಡೆ. ಅವರಿಗೆ ಏನು ಇಷ್ಟ? ನಮ್ಮೆಜಮಾನರು ಹೋಳಿಗೆ ಅಂದರು, ಅಕ್ಕ ಪಾಯಸ ಅಂದರು. ನೋಡಿಯೇಬಿಡೋಣವೆಂದು ಎಲ್ಲ ನೋಟ್‌ಬುಕ್ಕುಗಳನ್ನೂ ತಿರುವಿದೆ. ಎಲ್ಲರ ಇಷ್ಟವೂ ಇತ್ತು, ಎರಡು ವರ್ಷ ಬಾಳಿ ಸತ್ತ ನಾಯಿಯದೂ ಇತ್ತು. ಅವರದು ಒಂದು ಸಾಲೂ ಇಲ್ಲ. ಹುಡುಕುತ್ತ ಹುಡುಕುತ್ತ ಆ ಹಬ್ಬದ ಪುಟ ಸಿಕ್ಕಿತು.

ಪೂಜೆಗೆ ಮುಂಚೆ ಎಲ್ಲರನ್ನೂ ಕೂರಿಸಿ, ಹೋದ ವರ್ಷದ್ದನ್ನು ಬಿಟ್ಟು ಅದನ್ನೇ ಓದಿದೆ. ಈ ಸಲ ಬೆರಳು ಎಲ್ಲೂ ನಿಲ್ಲಿಸಲಿಲ್ಲ.

"ಮಧ್ಯಾಹ್ನ ಎಡೆ ಇಟ್ಟೆವು. ಚಿಲಕ ಹಾಕಿದ್ದು ನಾನು. ತಲೆ ಎಣಿಸಲಿಲ್ಲ. ಸೊಸೆ ಒಳಗೇ ಉಳಿದಿದ್ದಾಳೆ. ಒಂದೂವರೆ ಕಡುಬು ತಿಂದಿದ್ದಾಳೆ. ಹೆದರಿ ಅರ್ಧ ಬಿಟ್ಟಿದ್ದಾಳೆ, ಪಾಪ. ನಾನು ಮೊದಲ ಬಸಿರಿನಲ್ಲಿ ಇದೇ ಹಬ್ಬದ ದಿನ ಹಸಿದು ಇದೇ ಜಗಲಿಯ ಮೇಲೆ ತಲೆಸುತ್ತಿ ಬಿದ್ದೆ. ಆ ಕೂಸು ಉಳಿಯಲಿಲ್ಲ. ಆಗ ತಿನ್ನುವ ಧೈರ್ಯ ನನಗೆ ಇರಲಿಲ್ಲ. ಬರುವ ವರ್ಷ ಇದನ್ನು ಹೀಗೆ ಓದಬಾರದು."

ನೋಟ್‌ಬುಕ್ಕು ಮುಚ್ಚಿದೆ. ಯಾರು ಏನು ಬೈಯುತ್ತಾರೋ ಬೈಯಲಿ ಎಂದು ಅಕ್ಕನ ಮುಖ ನೋಡಿದೆ.

"ಅಯ್ಯೋ ನಿನ್ ಮನೆ ಕಾಯ್ವಾಗ! ಊರೆಲ್ಲ ಸಾರ್ಕಂಡು ಬಂದ್ನಲ್ಲೇ ನಾನು!" ಎಂದು ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದಿದರು. ಆಮೇಲೆ ಕಣ್ಣೊರೆಸಿಕೊಂಡು ಸಣ್ಣ ದನಿಯಲ್ಲಿ ಅಂದರು, "ಅಪ್ಪಂಗೆ ಹಲ್ಲಿರಲಿಲ್ಲ ಅನ್ನಾದು ಊರಿಗೆ ಹೋದ ಮ್ಯಾಲೆ ನಂಗೂ ನೆನಪಾತು ಕಣೆ. ಆದ್ರೆ ಅವ್ವ ಹಂಗೆ ಓದಿದ್ಳಲ್ಲ. ನನ್ ಮಗ್ಳು ಎರಡೂ ಬಸಿರಿನಾಗೆ ಈ ಮನೇಲಿ ಮೊದ್ಲು ಉಂಡ್ಳು. ನಾನ್ಯಾಕೆ ಬಾಯಿ ಬಿಡ್ಲಿ?"

ಅತ್ತೆಯ ಎಲೆಗೆ ಎಲ್ಲವನ್ನೂ ಬಡಿಸಿದೆವು. ನಾನು ಒಂದು ಹೊಸ ನೋಟ್‌ಬುಕ್ಕು, ಒಂದು ಪೆನ್ಸಿಲು ಇಟ್ಟೆ. ಒಂದೂವರೆ ಕಡುಬನ್ನೂ ಬೇರೆಯಾಗಿ ಇಟ್ಟೆ. ಅವರ ಆ ಮೊದಲ ಬಸಿರಿನ ಹಬ್ಬದಲ್ಲಿ ತಿನ್ನದೆ ಉಳಿದದ್ದು. ಮಕ್ಕಳೆಲ್ಲ ಆಗಲೇ ಉಂಡು ಜಗಲಿಗೆ ಓಡಿದ್ದರು. ಎಲ್ಲರೂ ಹೊರಗೆ ಬಂದರು. ಚಿಲಕದ ಮೇಲೆ ಕೈಯಿಟ್ಟು, ರೂಢಿಯಂತೆ ಒಳಕ್ಕೆ ತಲೆ ಹಾಕಿ ಕೇಳಿದೆ.

"ಒಳಗೆ ಯಾರೂ ಉಳ್ದಿಲ್ಲ ಅಲ್ಲ?"

ಹಿಂದಿನಿಂದ ಅಕ್ಕ ಮೆಲ್ಲಗೆ ಅಂದರು, "ಅವ್ವ ಅದಾಳೆ."

ನಾನು ಕದ ಮುಂದಕ್ಕೆ ಮಾಡಿದೆ. ಚಿಲಕ ಹಾಕಲಿಲ್ಲ.